ಹೋಗಿ ಬರ್ತೀವಿ ಅಂದವರು

ಕೆಲವರಿಗೆ ನಡೆಯುವಾಗ ಎಡವುವ ಅಭ್ಯಾಸ. ನನಗೆ ಬೇರೆಯವರು ಎಡವಿದಾಗ ಬೀಳುವ ಅಭ್ಯಾಸ. ಎಪ್ಪತ್ತರ ದಶಕದ ಕೊನೆಗೆ ಶುರುವಾದ ಈ ಬೀಳಾಟ ಎಂಬತ್ತರ ದಶಕದಲ್ಲೂ ಕೆಲವು ವರ್ಷ ನಡೆಯಿತು. ಒಂದು ಮರೆಯುವಷ್ಟರಲ್ಲಿ ಇನ್ನೊಂದು ಆಗುತ್ತಿತ್ತು.

ಆಗ ಹೊನ್ನಾಳಿಗೆ ಕಡಲಾಚೆಯಿಂದ ವಯಸ್ಸಾದ ಪಾದ್ರಿ ದಂಪತಿ ಬಂದರು. ತಮ್ಮ ದೇಶದಲ್ಲಿ ನಿವೃತ್ತರಾಗಿ, ಮಕ್ಕಳನ್ನೆಲ್ಲ ದಡ ಸೇರಿಸಿ, ಮೊಮ್ಮಕ್ಕಳನ್ನು ಆಡಿಸುತ್ತ ಕೂರಬೇಕಾದ ವಯಸ್ಸಿನಲ್ಲಿ ನಮ್ಮೂರ ಪುಟ್ಟ ಚರ್ಚಿನ ಸೇವೆಗೆಂದು ಟ್ರಂಕು ಕಟ್ಟಿಕೊಂಡು ಬಂದವರು. ಚರ್ಚಿನ ನಾಲ್ಕಾರು ಮನೆಯವರು ಅವರನ್ನು ಅಯ್ಯನವರು, ಅಮ್ಮನವರು ಎಂದು ಕರೆದರು. ಊರೂ ಹಾಗೇ ಕರೆಯಿತು. ಅಯ್ಯನವರು ಪ್ರಾರ್ಥನೆ ಮುಗಿದ ಮೇಲೆ ಯಾರದಾದರೂ ಸೈಕಲ್ಲು ಬಿಚ್ಚಿಕೊಂಡು ಕೂರುತ್ತಿದ್ದರು. ಅಮ್ಮನವರು ಓಣಿಯ ಮಕ್ಕಳ ಗಾಯಕ್ಕೆ ಮುಲಾಮು ಹಚ್ಚಿ, ಬೆಲ್ಲದ ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದರು. ಕೆಲವು ಹುಡುಗರು ಬಿಸ್ಕತ್ತಿಗಾಗಿ ಗಾಯ ಮಾಡಿಕೊಂಡದ್ದೂ ಉಂಟು.

ನಾನು ಹೆಣ್ಣುಮಕ್ಕಳ ಶಾಲೆಯ ಕನ್ನಡ ಟೀಚರು, ಊರಿನ ಬಾಯಲ್ಲಿ ಅಕ್ಕೋರು. ನಮ್ಮದು ವಿಭೂತಿ ಹಚ್ಚಿ ಶಿವಪೂಜೆ ಮಾಡುವ ಮನೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ ಅಷ್ಟೇ. ಹೀಗಾಗಿ ಅವರಿಗೆ ಕನ್ನಡ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಒಪ್ಪಿಕೊಂಡಾಗ ಹೆಮ್ಮೆಯಿಂದ ಬೀಗಿದ್ದೆ. ಆಮೇಲೆ ತಿಳಿಯಿತು, ಅವರ ಬಾಯಿಂದ ಬರುವ ಒಂದೊಂದು ತಪ್ಪೂ ನನ್ನ ಹೆಸರಲ್ಲೇ ಊರು ಸುತ್ತುತ್ತದೆ ಎಂದು. "ಅಕ್ಕೋರು ಕಲ್ಸಿದ್ದಂತೆ" ಎಂದು ಸಂತೆಯಲ್ಲಿ ಯಾರಾದರೂ ನಕ್ಕರೆ ನಾನು ಸೆರಗು ಮುಂದೆಳೆದುಕೊಂಡು ಸೊಪ್ಪು ಕೊಳ್ಳದೆ ಮನೆಗೆ ಬರುತ್ತಿದ್ದೆ. ಮನೆಯಲ್ಲಿ ನಮ್ಮ ಅತ್ತೆ ಕಾಯುತ್ತಿರುತ್ತಿದ್ದರು. ಸೊಸೆಯನ್ನು ಚುಚ್ಚಬೇಕಾದಾಗ ಮಾತ್ರ ಅವರೂ ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು.

ಅಳುವವರು ಬೇಕು

ಮೊದಲ ವರ್ಷವೇ ಆದದ್ದು. ಒಂದು ವಾರವೆಲ್ಲ ಅಮ್ಮನವರಿಗೆ ಒಂದು ಸುಲಭದ ಪಾಠ ಹೇಳಿದ್ದೆ. ಹಾಡು ಎಂದರೆ ಹಾಡುವವರು, ಓಡು ಎಂದರೆ ಓಡುವವರು, ಮಾಡು ಎಂದರೆ ಮಾಡುವವರು. ಬಹಳ ಚುರುಕಾಗಿ ಕಲಿತರು. ಅದೇ ವಾರ ನಮ್ಮಿಬ್ಬರ ನಡುವಿನ ಬೇಲಿ ಮಳೆಗೆ ವಾಲಿಕೊಂಡಿತ್ತು. ಕಟ್ಟಲು ಆಳುಗಳು ಬೇಕಾಗಿತ್ತು.

ಓಣಿಯ ತುದಿಯಲ್ಲಿ ಒಬ್ಬ ಮೇಸ್ತ್ರಿ ಹೆಂಗಸಿದ್ದಳು. ಕಳೆ ತೆಗೆಯುವುದಕ್ಕೆ, ನಾಟಿಗೆ ಹೆಂಗಸರನ್ನು ಗುಂಪು ಮಾಡಿಕೊಂಡು ಹೋಗುವವಳು. ಅಮ್ಮನವರು ಅವಳ ಮನೆಗೆ ಒಬ್ಬರೇ ಹೋದರು. ಆಳು ಎನ್ನಬೇಕಾದಲ್ಲಿ ಅವರ ನಾಲಗೆಗೆ ಬಂದದ್ದು ಅಳು. ಅದಕ್ಕೆ ನನ್ನ ಪಾಠವನ್ನೂ ಸೇರಿಸಿದರು. "ನಾಳೆ ಬೆಳಗ್ಗೆ ನಮ್ಮ ಮನೆಗೆ ಅಳುವವರು ಬೇಕು. ಕೂಲಿ ಕೊಡುತ್ತೇವೆ. ಅಯ್ಯನವರಿಂದ ಇನ್ನು ಆಗುವುದಿಲ್ಲ" ಎಂದರು. ಬೇಲಿ ಕಟ್ಟಲು ಅಯ್ಯನವರಿಂದ ಆಗುವುದಿಲ್ಲ ಎಂದು ಅವರ ಅರ್ಥ. ಪಾಪ, ಅಯ್ಯನವರ ಗಳಿಗೆ ಹತ್ತಿರ ಬಂತು ಎಂದು ಆಕೆಯ ಅರ್ಥ.

ಬೆಳಗ್ಗೆ ಮೇಸ್ತ್ರಿ ಹೆಂಗಸು, ಹಾಡಿಕೊಂಡು ಅಳುವುದರಲ್ಲಿ ಹೆಸರಾದ ನಾಲ್ಕು ಜನರನ್ನು ಆರಿಸಿ ಕರೆತಂದಿದ್ದಳು. ಗೇಟಿನಲ್ಲೇ ಒಬ್ಬಳು ಬಾಯಿಗೆ ಸೆರಗು ಹಿಡಿದು "ಹಾಲಿನಂಥ ಅಯ್ಯಾ, ನಮ್ಮನ್ ಬಿಟ್ ಹೆಂಗೆ ಹೊಂಟ್ಯೋ" ಎಂದು ರಾಗ ಎತ್ತಿದಳು. ಒಳಗಿದ್ದ ಅಯ್ಯನವರು ಗದ್ದಲ ಕೇಳಿ, ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡವರು ಹಾಗೇ ಬಾಗಿಲಿಗೆ ಬಂದರು. ಅಳು ಅರ್ಧಕ್ಕೆ ನಿಂತಿತು.

"ಅಯ್ಯನೋರೆ, ನೀವು ಇನ್ನೂ ಹೋಗಿಲ್ಲೇನ್ರಿ?" ಎಂದಳು ಮೇಸ್ತ್ರಿ ಹೆಂಗಸು.

ಅಯ್ಯನವರಿಗೆ ಅವತ್ತು ದಾವಣಗೆರೆಗೆ ಹೋಗುವುದಿತ್ತು. "ಇಲ್ಲ, ಗಡ್ಡ ತೆಗೆದುಕೊಂಡ ಮೇಲೆ ಹೋಗುತ್ತೇನೆ" ಎಂದು ಸಮಾಧಾನವಾಗಿ ಹೇಳಿದರು.

ನಾನು ವಾಲಿದ ಬೇಲಿಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಎದ್ದು ಹೋಗಿ ಬಿಡಿಸಿ ಹೇಳುವ ಮುಖವಿರಲಿಲ್ಲ. ಕೊನೆಗೆ ನಮ್ಮತ್ತೆ ಹೋಗಿ ಹೇಳಿದರು. ಬಂದ ಹೆಂಗಸರು ಕಣ್ಣೊರೆಸಿಕೊಂಡು ಬೇಲಿಯನ್ನೇ ಕಟ್ಟಿ ಹೋದರು. ಅಷ್ಟು ಧೈರ್ಯವಾಗಿ, ಅಷ್ಟು ಚೊಕ್ಕಟವಾಗಿ ಸಾಯಲು ತಯಾರಾದವರನ್ನು ತಾನು ಕಂಡೇ ಇಲ್ಲ ಎಂದು ಮೇಸ್ತ್ರಿ ಹೆಂಗಸು ಬಹಳ ದಿನ ಹೇಳುತ್ತಿದ್ದಳು.

ಜಗಳೂರಿನ ಸಂಧಿ

ಅಳುವವರ ಪಾಠವನ್ನು ಅಲ್ಲಿಗೇ ಬಿಟ್ಟು ಸಂಧಿ ಹಿಡಿದೆ. ಸಂಧಿಯಿಂದ ಯಾರ ಮಾನ ಹೋಗುತ್ತದೆ ಅಂದುಕೊಂಡಿದ್ದೆ. ಲೋಪಸಂಧಿ ಹೇಳಿದ ಮೇಲೆ ಅಯ್ಯನವರಿಗೆ ಕಂಡ ಕಂಡ ಪದವನ್ನು ಬಿಡಿಸುವ ಹುಚ್ಚು ಹತ್ತಿತು. ಬಸ್ಸಿನ ಬೋರ್ಡನ್ನೂ ಬಿಡಲಿಲ್ಲ.

ಜಗಳೂರಿನಲ್ಲಿ ಒಂದು ಸಭೆಗೆ ಅವರನ್ನು ಕರೆದಿದ್ದರು. ಎಲ್ಲ ಜಾತಿಯ ಹಿರಿಯರೂ ಬಂದಿದ್ದರು. ಮಾತು ತಡವರಿಸಿದರೆ ಎತ್ತಿಕೊಡಲು ನಾನೂ ಹೋಗಿದ್ದೆ. ಅಯ್ಯನವರು ಎದ್ದು ನಿಂತು, "ಜಗಳ ಕೂಡಿಸು ಊರು, ಜಗಳೂರು. ಲೋಪಸಂಧಿ. ನಿಮ್ಮ ಹಿರಿಯರು ಜಗಳದಲ್ಲಿ ಬಾಳಿದರು, ನೀವು ಶಾಂತಿಯಲ್ಲಿ ಬಾಳಿರಿ" ಎಂದು ಶುರು ಮಾಡಿದರು. ತಮಗೆ ಸಂಧಿ ಕಲಿಸಿದವರು ಇವರೇ ಎಂದು ನನ್ನ ಕಡೆ ಕೈಯನ್ನೂ ತೋರಿಸಿದರು.

ಮುಂದಿನ ಸಾಲಿನ ಒಬ್ಬ ಯಜಮಾನರು ಎದ್ದು, ಊರಿನ ಹೆಸರಿಗೂ ಜಗಳಕ್ಕೂ ಸಂಬಂಧವಿಲ್ಲ, ಅದು ಬೇರೆ ಏನೋ ಹೆಸರಿನಿಂದ ಬಂದದ್ದು ಎಂದರು. ಅವರ ಪಕ್ಕದವರು ಅದಲ್ಲ, ಇದು ಎಂದರು. ಹಿಂದಿನಿಂದ ಒಬ್ಬರು ಇಬ್ಬರಿಗೂ ಏನೂ ಗೊತ್ತಿಲ್ಲ ಎಂದರು. ಮಾತು ಹೆಸರು ಬಿಟ್ಟು ಹೊಲದ ಬದುವಿಗೆ ಹೋಯಿತು, ಬದುವಿನಿಂದ ಹಳೆಯ ಚುನಾವಣೆಗೆ ಹೋಯಿತು. ನಾನು ಕುರ್ಚಿಯಲ್ಲಿ ಕುಗ್ಗುತ್ತ ಕುಗ್ಗುತ್ತ ಅರ್ಧವಾದೆ. ಅಯ್ಯನವರು ಮಾತ್ರ ನನ್ನ ಕಡೆ ಬಾಗಿ, ಸಂಧಿ ಸರಿಯಾಗಿಯೇ ಇದೆಯಲ್ಲ ಎಂದು ಕೇಳಿದರು.

ಪಾದ ಬೆಳೆಸಿದ್ದು

ನಮ್ಮ ಸೀಮೆಯಲ್ಲಿ ಅಯ್ಯನೋರು ಎಂದರೆ ಶುಭಕಾರ್ಯಗಳಿಗೆ ಬರುವ ಜಂಗಮರು. ನಮ್ಮ ಓಣಿಯಲ್ಲೇ ಒಬ್ಬರಿದ್ದರು. ಒಂದೇ ಓಣಿಯಲ್ಲಿ ಇಬ್ಬರು ಅಯ್ಯನೋರು ಆದರೆ ಏನಾಗಬಹುದು ಎಂದು ನನಗೆ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಚನ್ನಗಿರಿ ಕಡೆಯ ಸಂತೇಬೆನ್ನೂರಿನಿಂದ ಒಬ್ಬ ಮನುಷ್ಯ ಬಂದು ಅಯ್ಯನೋರ ಮನೆ ಯಾವುದು ಎಂದು ಕೇಳಿದ್ದಾನೆ. ಯಾರೋ ಪಾದ್ರಿಗಳ ಮನೆ ತೋರಿಸಿದ್ದಾರೆ. ಬಾಗಿಲಲ್ಲಿದ್ದ ಅಮ್ಮನವರಿಗೆ, ಹೊಸ ಮನೆ ಕಟ್ಟಿಸಿದ್ದೇವೆ, ಸೋಮವಾರ ಅಯ್ಯನೋರು ಪಾದ ಬೆಳೆಸಬೇಕು ಎಂದು ಹೇಳಿ ಹೋಗಿದ್ದಾನೆ. ಬಿಳಿಯ ಹೆಂಗಸನ್ನು ಕಂಡು ಅವನಿಗೆ ಏನೂ ಅನ್ನಿಸಲಿಲ್ಲವೇ ಎಂದು ಆಮೇಲೆ ಕೇಳಿದೆವು. ಅಯ್ಯನೋರು ಯಾರಿಗೋ ಮನೆ ಬಾಡಿಗೆಗೆ ಕೊಟ್ಟಿರಬೇಕು ಅಂದುಕೊಂಡನಂತೆ.

ಪಾದವನ್ನು ಬೆಳೆಸುವುದು ಹೇಗೆ ಎಂದು ಅಮ್ಮನವರು ನನ್ನನ್ನು ಕೇಳಿದರು. ದೊಡ್ಡವರನ್ನು ಮರ್ಯಾದೆಯಿಂದ ಕರೆಯುವ ರೀತಿ ಅದು ಎಂದೆ. ನನ್ನ ಶಿಷ್ಯರಿಗೆ ಸಂತೇಬೆನ್ನೂರಿನವರೆಗೂ ಹೆಸರು ಬಂತಲ್ಲ ಎಂದು ಉಬ್ಬಿ, ನಾನೂ ಒಳ್ಳೆಯ ಸೀರೆಯುಟ್ಟು ಜೊತೆಗೆ ಹೊರಟೆ.

ಮನೆಯ ಮುಂದೆ ತೋರಣ, ಒಳಗೆ ಪೂಜೆಯ ಸಿದ್ಧತೆ. ಯಜಮಾನರು ಪಾದ ತೊಳೆಯಲು ತಂಬಿಗೆ ಹಿಡಿದು ಬಂದವರು ಅಯ್ಯನವರ ಪ್ಯಾಂಟು ಬೂಟು ಕಂಡು ಅಲ್ಲೇ ನಿಂತರು. ನನಗೆ ಆಗ ಹೊಳೆಯಿತು. ಆದರೆ ಅವರ ತಾಯಿಗೆ ಕಣ್ಣು ಮಂಜು. ಮುದುಕಿ ಅಯ್ಯನೋರು ಬಂದರು ಎಂದು ಕೇಳಿದ್ದೇ ತಡ, ಬಾಗಿ ಬೂಟಿಗೆ ಹಣೆ ಮುಟ್ಟಿಸಿಬಿಟ್ಟರು.

ಅಯ್ಯನವರ ಕಣ್ಣಲ್ಲಿ ನೀರು ಬಂತು. ಅವರ ಧರ್ಮದಲ್ಲಿ ಗುರುವೇ ಶಿಷ್ಯರ ಪಾದ ತೊಳೆದ ಕಥೆ ಇದೆ. ಯಜಮಾನರ ಕೈಯಿಂದ ತಂಬಿಗೆ ತೆಗೆದುಕೊಂಡು, ಮುದುಕಿಯನ್ನು ಮಣೆಯ ಮೇಲೆ ಕೂರಿಸಿ, ಅವರ ಪಾದವನ್ನು ತಾವೇ ತೊಳೆದರು. ತಮ್ಮ ಕರವಸ್ತ್ರದಿಂದ ಒರೆಸಿದರು. ಭೂಮಿ ಬಾಯಿ ಬಿಟ್ಟರೆ ಒಳ್ಳೆಯ ಸೀರೆ ಸಮೇತ ಇಳಿದುಬಿಡೋಣ ಅನ್ನಿಸಿತು ನನಗೆ.

ಯಜಮಾನರು ದೊಡ್ಡ ಮನುಷ್ಯರು. ನಾನು ತೊದಲುತ್ತ ಹೇಳಿದ್ದನ್ನು ಕೇಳಿ, ಮನೆಗೆ ಬಂದವರು ಬಂದರು, ಊಟ ಮಾಡಿಕೊಂಡೇ ಹೋಗಬೇಕು ಎಂದು ಎಲೆ ಹಾಕಿಸಿದರು. ಮುದುಕಿ ಮಾತ್ರ ಕೂತ ಮಣೆಯಿಂದ ಏಳಲಿಲ್ಲ.

"ಇಷ್ಟು ವರ್ಷ ಅಯ್ಯನೋರ ಪಾದ ನಾವೇ ತೊಳೆದ್ವಿ" ಎಂದರು. "ಈಗ ಬುದ್ಧಿ ಬಂದೈತೆ ನೋಡು ಅವ್ರಿಗೆ."

ಹೋಗುತ್ತೇವೆ

ಆ ಮನೆಯಿಂದ ಹೊರಡುವಾಗ ಇನ್ನೊಂದು ಆಯಿತು. ಅಮ್ಮನವರು ಹೊಸ ಮನೆಯ ಹೊಸ್ತಿಲಲ್ಲಿ ನಿಂತು, ಸ್ಪಷ್ಟವಾದ ಕನ್ನಡದಲ್ಲಿ, "ನಾವು ಹೋಗುತ್ತೇವೆ" ಎಂದರು. ಹೆಂಗಸರ ಮುಖ ಕಪ್ಪಿಟ್ಟಿತು. ಒಬ್ಬರು ಲೊಚಗುಟ್ಟಿದರು. ನಾನು ಅವರನ್ನು ಬೇಗ ಬೇಗ ಬಸ್ ಸ್ಟ್ಯಾಂಡಿಗೆ ಎಳೆದುಕೊಂಡು ಬಂದೆ.

ದಾರಿಯುದ್ದಕ್ಕೂ ಪಾಠ ಹೇಳಿದೆ. ನಮ್ಮಲ್ಲಿ ಹೋಗುತ್ತೇವೆ ಅನ್ನಬಾರದು. ಸತ್ತವರು ಹೋಗುತ್ತಾರೆ, ಬದುಕಿರುವವರು ಹೋಗಿ ಬರುತ್ತಾರೆ. ಅಮ್ಮನವರು ಯೋಚಿಸಿದರು. ಆ ಮನೆಗೆ ನಾವು ಮತ್ತೆ ಬರುವುದಿಲ್ಲವಲ್ಲ, ಬರುತ್ತೇವೆ ಅಂದರೆ ಸುಳ್ಳಾಗುವುದಿಲ್ಲವೇ ಎಂದು ಕೇಳಿದರು. ಅದು ಸುಳ್ಳಲ್ಲ, ಬರೀ ಮಾತು ಎಂದೆ. ಬರೀ ಮಾತು ಅಂದರೆ ಸುಳ್ಳು ತಾನೇ ಎಂದರು. ಬಸ್ಸು ಹೊನ್ನಾಳಿ ಮುಟ್ಟಿದರೂ ಇದು ಮುಗಿಯಲಿಲ್ಲ.

ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಹೋಗಿ ಬರುತ್ತೇವೆ ಎಂದು ಹೇಳುವುದು, ಹೇಳಿದ ಮೇಲೆ ಬರುವುದು. ಮಾರನೆಯ ದಿನ ದರ್ಜಿ ಸಾಬರ ಅಂಗಡಿಯಲ್ಲಿ ಬಟ್ಟೆ ಕೊಟ್ಟು, ಹೋಗಿ ಬರ್ತೀನಿ ಎಂದು ಹೇಳಿ ಬಂದರು. ಸಂಜೆ ಮತ್ತೆ ಹೋಗಿ ನಿಂತರು. ಏನು ಮರೆತು ಹೋದ್ರಿ ಎಂದು ಸಾಬರು ಅಂಗಡಿಯೆಲ್ಲ ಹುಡುಕಿದರು. ಏನೂ ಮರೆತಿಲ್ಲ, ಬರ್ತೀನಿ ಅಂದಿದ್ದೆ, ಬಂದೆ ಎಂದರಂತೆ. ಓಣಿಯ ಒಬ್ಬ ಬಾಣಂತಿಯ ಮನೆಗೆ ಬೆಳಗ್ಗೆ ಹೋದವರು ಮಧ್ಯಾಹ್ನ ಮತ್ತೆ ಹೋದರು, ಪಾಪ, ಅವರ ಮನೆಯಲ್ಲಿ ಕಾಫಿಗೆ ಹಾಲಿರಲಿಲ್ಲ. ನಮ್ಮ ಮನೆಗೆ ಒಂದೇ ದಿನ ಎಷ್ಟು ಸಲ ಬಂದರೋ. ಹೋಗುವಾಗೆಲ್ಲ ಹೋಗಿ ಬರ್ತೀನಿ ಅನ್ನುವರು, ಅಂದ ಮೇಲೆ ಬರಲೇಬೇಕು.

"ಅಕ್ಕೋರೆ," ಎಂದರು ಅತ್ತೆ, ಸಂಜೆ ಅಕ್ಕಿ ಆರಿಸುತ್ತ. "ಬರ್ತೀವಿ ಅಂತ ಹೇಳಾಕೆ ಕಲ್ಸಿದ್ಯಲ್ಲ, ಸಾಕು ಅಂತ ಹೇಳಾಕೂ ಕಲ್ಸು."

ಸಾಬರೂ ಬಾಣಂತಿಯ ಮನೆಯವರೂ ನನಗೇ ದೂರು ಹೇಳಿದ ಮೇಲೆ ಅಮ್ಮನವರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅಂದಿನಿಂದ ಅವರು ಆ ಮಾತನ್ನೇ ಬಿಟ್ಟರು. ಎಲ್ಲಿಂದ ಹೊರಟರೂ ಸುಮ್ಮನೆ ಕೈ ಮುಗಿದು ಬರುತ್ತಿದ್ದರು. ಸುಳ್ಳಂತೂ ಹೇಳಲಿಲ್ಲ.

ನ್ಯಾಮತಿಯಲ್ಲಿ

ಆದರೆ ಅಯ್ಯನವರಿಗೆ ಆ ಮಾತು ಬಹಳ ಹಿಡಿಸಿಬಿಟ್ಟಿತ್ತು. ಬರುವ ಯೋಚನೆ ಇಲ್ಲದಿದ್ದರೂ ಧಾರಾಳವಾಗಿ ಬಳಸುತ್ತಿದ್ದರು. ಕಂಡಕ್ಟರಿಗೂ ಹೋಗಿ ಬರ್ತೀವಿ, ಸಂತೆಯ ಎಮ್ಮೆಗೂ ಹೋಗಿ ಬರ್ತೀವಿ.

ನ್ಯಾಮತಿಯಲ್ಲಿ ಅವರಿಗೆ ಬೇಕಾಗಿದ್ದ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ತೀರಿಕೊಂಡರು. ಮಾತಾಡಿಸಿಕೊಂಡು ಬರಲು ಮೂವರೂ ಹೋದೆವು. ಸಾವಿನ ಮನೆಯಿಂದ ಹೊರಡುವಾಗ ಏನೂ ಹೇಳದೆ ಎದ್ದು ಬರಬೇಕು. ಅಲ್ಲಿ ಬರ್ತೀವಿ ಅಂದರೆ ಇನ್ನೊಂದು ಸಾವಿಗೆ ಬರ್ತೀವಿ ಅಂದ ಹಾಗೆ. ಎಲ್ಲ ಪಾಠ ಹೇಳಿದವಳು ಇದೊಂದನ್ನು ಹೇಳಿರಲಿಲ್ಲ.

ಅಯ್ಯನವರು ಎದ್ದರು. ತೀರಿಕೊಂಡವರ ಅಣ್ಣ ಜಗುಲಿಯಲ್ಲಿ ನೆರೆಹೊರೆಯವರ ನಡುವೆ ಕೂತಿದ್ದರು. ಅವರ ಎರಡೂ ಕೈ ಹಿಡಿದು, "ಹೋಗಿ ಬರ್ತೀವಿ. ಬೇಗ ಮತ್ತೆ ಬರ್ತೀವಿ" ಎಂದರು. ಜಗುಲಿಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಆ ಹಿರಿಯರು, "ಅವಸರ ಬ್ಯಾಡ್ರಿ ಅಯ್ಯನೋರೆ" ಎಂದರು. "ಈ ಮನೇಲಿ ಇನ್ನ ಉಳಿದಿರೋದು ನಾನೊಬ್ಬನೇ."

ಕುರ್ಚಿ

ಅವರು ಹೊರಡುವ ದಿನವೂ ಬಂತು. ಅಯ್ಯನವರಿಗೆ ಉಬ್ಬಸ ಹೆಚ್ಚಾಗಿ, ನಾಲ್ಕು ಹೆಜ್ಜೆ ನಡೆದರೆ ಕೂರುವಂತಾಗಿತ್ತು. ಮಕ್ಕಳು ಬಂದುಬಿಡಿ ಎಂದು ಒತ್ತಾಯ ಮಾಡಿದರು. ಮತ್ತೆ ಬರುವ ಮಾತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ನನಗೆ ಒಂದೇ ಹೆದರಿಕೆ. ಊರೆಲ್ಲ ಬಸ್ ಸ್ಟ್ಯಾಂಡಿಗೆ ಬರುತ್ತದೆ. ಅಷ್ಟು ಜನರ ಮುಂದೆ ಈ ಸತ್ಯವಂತೆ ಹೋಗುತ್ತೇವೆ ಅಂದುಬಿಟ್ಟರೆ? ಇಷ್ಟು ವರ್ಷ ಹೋದ ಮಾನ ಹಾಗಿರಲಿ. ಆ ಉಬ್ಬಸದ ಮನುಷ್ಯನನ್ನು ಪಕ್ಕದಲ್ಲಿಟ್ಟುಕೊಂಡು ಆಕೆ ಆ ಮಾತು ಆಡಬಾರದು. ನನ್ನಿಂದ ಕೇಳಲಾಗುತ್ತಿರಲಿಲ್ಲ. ಹಿಂದಿನ ದಿನ ಹೋಗಿ ಬೇಡಿಕೊಂಡೆ. ಒಂದೇ ಒಂದು ಸಲ, ನನಗೋಸ್ಕರ, ಹೋಗಿ ಬರ್ತೀವಿ ಅನ್ನಿ ಎಂದೆ. ಅವರು ನನ್ನ ತಲೆ ಸವರಿದರು, ಒಪ್ಪಲಿಲ್ಲ. ಮಾತು ಬದಲಿಸಿ, ಅಯ್ಯನವರು ಕೂರುತ್ತಿದ್ದ ಮಡಿಸುವ ಕ್ಯಾನ್ವಾಸ್ ಕುರ್ಚಿ ನಿಮ್ಮ ಅತ್ತೆಗೆ, ಅವರಿಗೆ ಮಂಡಿನೋವಲ್ಲ, ನಾವು ಹೋದ ಮೇಲೆ ತೆಗೆದುಕೊಂಡು ಹೋಗು ಎಂದರು. ಗೋಡೆ ಗಡಿಯಾರ ದರ್ಜಿ ಸಾಬರಿಗೆ, ದೊಡ್ಡ ಸೀಮೆಎಣ್ಣೆ ಸ್ಟೌ ಮೇಸ್ತ್ರಿ ಹೆಂಗಸಿಗೆ ಎಂದೂ ಹೇಳಿದರು.

ಬೆಳಗ್ಗೆ ದಾವಣಗೆರೆ ಬಸ್ಸಿನ ಸುತ್ತ ಜನವೋ ಜನ. ಬಸ್ಸು ಹೊರಡುವಾಗ ಅಮ್ಮನವರು ಕಿಟಕಿಯಿಂದ ನನ್ನನ್ನೇ ನೋಡಿದರು. ನಾನು ಅಳುತ್ತಿದ್ದೆ.

"ಹೋಗಿ ಬರ್ತೀವಿ" ಎಂದರು.

ಮೇಸ್ತ್ರಿ ಹೆಂಗಸು ಗೊಳೋ ಎಂದಳು. ಸಾಬರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. ಒಬ್ಬ ಸುಳ್ಳು ಹೇಳದ ಹೆಂಗಸಿನ ಬಾಯಲ್ಲಿ ಸುಳ್ಳು ಹೇಳಿಸಿದೆನಲ್ಲ ಎಂದು ನನಗೆ ಒಳಗೇ ಚುಚ್ಚಿತು. ಮುಖ ತೊಳೆಯಲು ಮನೆಗೆ ಬಂದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅತ್ತಿದ್ದು ಸಾಕು, ಸಾಬರಾಗಲೇ ಗಡಿಯಾರಕ್ಕೆ ಹೊರಟರು, ಯಾರಾದರೂ ಎತ್ತಿಕೊಳ್ಳುವ ಮೊದಲು ಕುರ್ಚಿ ತಾ ಎಂದರು. ಹೋದೆ. ಕುರ್ಚಿ ಮಡಿಸಲು ಆಗಲಿಲ್ಲ. ಬಿಚ್ಚಿದ ಕುರ್ಚಿಯನ್ನೇ ತಲೆ ಮೇಲೆ ಇಟ್ಟುಕೊಂಡು, ಅತ್ತ ಕಣ್ಣು ಇನ್ನೂ ಕೆಂಪಗಿರುವಾಗಲೇ, ಓಣಿಗೆ ಇಳಿದೆ. ನನ್ನ ಮುಂದೆ ಗಡಿಯಾರ ತಬ್ಬಿಕೊಂಡ ಸಾಬರು, ಹಿಂದೆ ಸ್ಟೌ ಹೊತ್ತ ಮೇಸ್ತ್ರಿ ಹೆಂಗಸು.

ಎದುರಿಗೆ ಒಂದು ಎತ್ತಿನ ಗಾಡಿ ಬಂತು. ಅದರ ಮೇಲೆ ಟ್ರಂಕು, ಟ್ರಂಕಿನ ಮೇಲೆ ಅಯ್ಯನವರು, ಪಕ್ಕದಲ್ಲಿ ಅಮ್ಮನವರು.

ಬಸ್ಸು ಹೊಳೆಯ ಸೇತುವೆ ದಾಟಿದ್ದೇ ಕೆಟ್ಟು ನಿಂತಿತಂತೆ. ಇನ್ನೊಂದು ಬಸ್ಸು ಮಧ್ಯಾಹ್ನಕ್ಕೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನನಗೆ ಕಂಡದ್ದು ನಮ್ಮನ್ನೇ ನೋಡುತ್ತಿದ್ದ ಇಬ್ಬರ ಮುಖ. ಸಾಬರು ಗಡಿಯಾರವನ್ನು ಜುಬ್ಬದೊಳಗೆ ತೂರಿಸಲು ನೋಡಿದರು. ಅದು ಹೊಟ್ಟೆಯ ಮೇಲೆ ಢಣ್ ಢಣ್ ಎಂದು ಹೊಡೆಯತೊಡಗಿತು. ನಾನು ಕುರ್ಚಿಯ ಕೆಳಗೆ ಮುಖ ಬಚ್ಚಿಟ್ಟುಕೊಂಡು ನಿಂತೆ.

ಅಮ್ಮನವರಿಗೆ ಮಾತ್ರ ಬಹಳ ಸಂತೋಷ. ಗಾಡಿಯ ಮೇಲೆ ನೆಟ್ಟಗೆ ಎದ್ದು ನಿಂತು, "ಬರ್ತೀವಿ ಅಂದಿದ್ದೆ, ಬಂದ್ವಿ" ಎಂದರು. ದೇವರು ತಮ್ಮನ್ನು ಸುಳ್ಳುಗಾರ್ತಿ ಮಾಡಲಿಲ್ಲ ಎಂದು ಕೈ ಮುಗಿದರು.

ಅತ್ತೆ ಓಣಿಗೆ ಬಂದವರೇ, ಕುರ್ಚಿ ಇಳಿಸೇ, ಅಯ್ಯನೋರಿಗೆ ಕೂರಾಕೆ ಅಂತಲೇ ತಂದಿದ್ದಲ್ಲ ಎಂದು ನನಗೇ ಗದರಿಸಿದರು. ಓಣಿಯ ನಡುವೆಯೇ ಕುರ್ಚಿ ಹಾಕಿದೆ. ಅಯ್ಯನವರು ಕೂತರು. ಮೇಸ್ತ್ರಿ ಹೆಂಗಸು ಸ್ಟೌ ಹಚ್ಚಿ ಚಹಾಕ್ಕೆ ಇಟ್ಟಳು. ಸಾಬರು ಬಸ್ಸಿನ ಹೊತ್ತು ನೋಡಲು ಎಂದು ಗಡಿಯಾರವನ್ನು ಜಗುಲಿಯ ಮೇಲೆ ಇಟ್ಟರು. ಯಾರ ಮುಖವನ್ನೂ ಯಾರೂ ನೋಡಲಿಲ್ಲ.

ಮಧ್ಯಾಹ್ನ ಮತ್ತೆ ಬಸ್ ಸ್ಟ್ಯಾಂಡು. ಈ ಸಲ ಅಮ್ಮನವರು ಹತ್ತುವ ಮೊದಲೇ ನನ್ನನ್ನು ಪಕ್ಕಕ್ಕೆ ಕರೆದು, ಈಗ ಹೋಗ್ತೀವಿ ಅನ್ನಲಾ, ಬರ್ತೀವಿ ಅನ್ನಲಾ ಎಂದು ಕೇಳಿದರು. ಬರ್ತೀವಿ ಅನ್ನಿ ಎಂದೆ.

"ಬಂದ್ರೆ ಕುರ್ಚಿ ವಾಪಸ್ ಕೊಡ್ತೀಯಾ?"

ನಾಚಿಕೆಯಲ್ಲೇ ಹೂಂ ಎಂದು ತಲೆಯಾಡಿಸಿದೆ.

"ಹಂಗಾದ್ರೆ ಹೋಗಿ ಬರ್ತೀವಿ" ಎಂದು ಬಸ್ಸು ಹತ್ತಿದರು. ಅಷ್ಟು ವರ್ಷದಲ್ಲಿ ಅವರು ಮೊದಲ ಸಲ ಆಡಿದ, ಒಂದಿಷ್ಟೂ ತಪ್ಪಿಲ್ಲದ, ನಮ್ಮೂರ ಕನ್ನಡ.

ಆಮೇಲೆ ಅವರು ಬರಲಿಲ್ಲ. ಆದರೆ ನಮ್ಮತ್ತೆ ತಾವು ಇರುವವರೆಗೂ ಆ ಕುರ್ಚಿಯ ಮೇಲೆ ಕೂರಲಿಲ್ಲ. ಮಂಡಿ ಹಿಡಿದುಕೊಂಡು ನೆಲದ ಮೇಲೇ ಕೂರುವರು, ಕುರ್ಚಿಯನ್ನು ದಿನಾ ಒರೆಸುವರು. ಮನೆಗೆ ಬಂದ ನೆಂಟರು ಯಾರಾದರೂ ಅದರ ಕಡೆ ಹೋದರೆ ಕೂತಲ್ಲಿಂದಲೇ ತಡೆಯುವರು.

"ಅದ್ರ ಮ್ಯಾಲೆ ಕೂರಬ್ಯಾಡ್ರಿ. ಅದ್ರೋರು ಸ್ವಲ್ಪ ಹೊರಗೆ ಹೋಗ್ಯಾರೆ, ಬರ್ತಾರೆ. ಆಯಮ್ಮ ಸುಳ್ಳು ಹೇಳಲ್ಲ."